ಚೀಟಿಯಲ್ಲಿ ಎತ್ತರವೂ ಇರಲಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ: ಈ ನಾಲ್ಕೂ ತಾಲ್ಲೂಕುಗಳಲ್ಲಿ ರೋಗಿಯ ಉಸಿರಾಟ ಕೈಮೀರಿತೆಂದರೆ ಆಂಬುಲೆನ್ಸ್ ಬೆಂಗಳೂರಿನ ದಾರಿ ಹಿಡಿಯುತ್ತದೆ. ಜೊತೆಗೆ ಹೋಗುವ ರೆಫರಲ್ ಚೀಟಿಯಲ್ಲಿ ಹೆಸರು, ವಯಸ್ಸು, ಬಿಪಿ, ಸ್ಯಾಚುರೇಷನ್ ಬರೆಯುವಂತೆಯೇ ರೋಗಿಯ ಎತ್ತರವನ್ನೂ ಬರೆಯುವುದು ಕಡ್ಡಾಯವಾಗಬೇಕು.

ನ್ಯುಮೋನಿಯಾ ಇರಲಿ, ಮೈಗೆಲ್ಲ ಹಬ್ಬಿದ ನಂಜಿರಲಿ, ಹೆದ್ದಾರಿಯ ಅಪಘಾತವಿರಲಿ, ಉರಿಯೂತ ಮಿತಿಮೀರಿದಾಗ ಶ್ವಾಸಕೋಶದ ಗಾಳಿಗೂಡುಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಇದೇ ಎಆರ್‌ಡಿಎಸ್. ಆಗ ಗಾಳಿಯಾಡಲು ಉಳಿಯುವುದು ಶ್ವಾಸಕೋಶದ ಸ್ವಲ್ಪ ಭಾಗ ಮಾತ್ರ. ವೆಂಟಿಲೇಟರ್ ಅಳತೆ ಮೀರಿ ಗಾಳಿ ನೂಕಿದರೆ ಅದೂ ಹಿಗ್ಗಿ ಹಾಳಾಗುತ್ತದೆ.

ಹಾಗಾದರೆ ಎಷ್ಟು ಗಾಳಿ ಸಾಕು? ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನ 2000ದಲ್ಲೇ ಉತ್ತರ ಕೊಟ್ಟಿದೆ. ಪ್ರತಿ ಉಸಿರಿಗೆ ಕಿಲೋಗೆ 12 ಮಿ.ಲೀ. ಗಾಳಿ ಕೊಟ್ಟವರಲ್ಲಿ ನೂರಕ್ಕೆ 40 ಮಂದಿ ಸತ್ತರೆ, 6 ಮಿ.ಲೀ. ಕೊಟ್ಟವರಲ್ಲಿ 31 ಮಂದಿ. ಇಲ್ಲಿ ಕಿಲೋ ಎಂದರೆ ತಕ್ಕಡಿ ತೋರಿಸುವ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕುವ ತೂಕ. ಮೈ ತುಂಬಿಕೊಂಡ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ. 150 ಸೆಂ.ಮೀ. ಎತ್ತರದ ಹೆಣ್ಣುಮಗಳು 65 ಕಿಲೋ ತೂಗಿದರೂ ಲೆಕ್ಕಕ್ಕೆ ಹಿಡಿಯಬೇಕಾದದ್ದು ಸುಮಾರು 43 ಕಿಲೋ. ಸಲ್ಲಬೇಕಾದ ಉಸಿರು 260 ಮಿ.ಲೀ. ತಕ್ಕಡಿಯನ್ನು ನಂಬಿದರೆ ಅದು 390 ಆಗುತ್ತದೆ, ಅಂದರೆ ಒಂದೂವರೆ ಪಟ್ಟು. ಮಲಗಿದ ರೋಗಿಯ ಪಕ್ಕದಲ್ಲಿ ಟೇಪು ಹಿಡಿದರೆ ಈ ತಪ್ಪು ತಪ್ಪುತ್ತದೆ.

ಎರಡನೆಯ ಪಾಠ 2013ರದು. ಫ್ರಾನ್ಸಿನ ವೈದ್ಯರ ನೇತೃತ್ವದ ಅಧ್ಯಯನದಲ್ಲಿ ತೀವ್ರ ಎಆರ್‌ಡಿಎಸ್ ಇದ್ದವರನ್ನು ದಿನಕ್ಕೆ 16 ಗಂಟೆಯಾದರೂ ಬೋರಲು ಮಲಗಿಸಿದಾಗ 28 ದಿನಗಳೊಳಗಿನ ಸಾವು ನೂರಕ್ಕೆ 33ರಿಂದ 16ಕ್ಕೆ ಇಳಿಯಿತು. ಇದಕ್ಕೆ ಬೇಕಾದದ್ದು ಹೊಸ ಔಷಧವಲ್ಲ. ಕೊಳವೆ ಕಳಚದಂತೆ ರೋಗಿಯನ್ನು ಮಗುಚಬಲ್ಲ, ಪಳಗಿದ ನಾಲ್ಕೈದು ಜೋಡಿ ಕೈಗಳು. ಆದರೂ 50 ದೇಶಗಳ ಐಸಿಯುಗಳ ಸಮೀಕ್ಷೆ 2016ರಲ್ಲಿ ಪ್ರಕಟವಾದಾಗ, ತೀವ್ರ ಸ್ಥಿತಿಯ ರೋಗಿಗಳಲ್ಲಿ ಬೋರಲು ಮಲಗಿಸಿದ್ದು ನೂರಕ್ಕೆ 16 ಮಂದಿಯನ್ನಷ್ಟೇ ಎಂದು ತಿಳಿಯಿತು.

ಕೋವಿಡ್ ಕಾಲದಲ್ಲಿ ಬೆಂಗಳೂರಿನ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ 30,000 ವೆಂಟಿಲೇಟರ್ ತಯಾರಿಸಿತು. ಯಂತ್ರ ಮಾಡಬಲ್ಲ ನಾಡಿಗೆ ಅದನ್ನು ಹದವಾಗಿ ನಡೆಸುವ ಸಿಸ್ಟರ್‌ಗಳನ್ನೂ ತಂತ್ರಜ್ಞರನ್ನೂ ತರಬೇತು ಮಾಡುವುದು ಆಗದ ಕೆಲಸವಲ್ಲ.

ಸಂಶೋಧನೆಯ ಬಾಗಿಲೂ ಈಗ ತೆರೆದಿದೆ. 2012ರ ಬರ್ಲಿನ್ ವ್ಯಾಖ್ಯಾನದ ಪ್ರಕಾರ ಅಪಧಮನಿಯ ರಕ್ತಪರೀಕ್ಷೆಯಿಲ್ಲದೆ ಎಆರ್‌ಡಿಎಸ್ ಎನ್ನುವಂತಿರಲಿಲ್ಲ. ಆ ಸೌಲಭ್ಯವಿಲ್ಲದ ಆಸ್ಪತ್ರೆಯ ರೋಗಿ ಎಣಿಕೆಗೇ ಸಿಗುತ್ತಿರಲಿಲ್ಲ. ಆ ಪರೀಕ್ಷೆಯಿಲ್ಲದೆಯೂ ಎಆರ್‌ಡಿಎಸ್ ಗುರುತಿಸಲು ರುವಾಂಡಾದ ಕಿಗಾಲಿಯಲ್ಲಿ ನಡೆದ ಕೆಲಸ ದಾರಿ ತೋರಿತು. 2023ರ ಜಾಗತಿಕ ವ್ಯಾಖ್ಯಾನ ಬೆರಳಿಗೆ ಹಾಕುವ ಆಕ್ಸಿಮೀಟರ್‌ನ ಅಂಕಿಯನ್ನೂ ಅಲ್ಟ್ರಾಸೌಂಡನ್ನೂ ಒಪ್ಪಿಕೊಂಡಿತು. ತಾಲ್ಲೂಕು ಆಸ್ಪತ್ರೆಯ ರೋಗಿಯನ್ನು ಇನ್ನು ಲೆಕ್ಕದಿಂದ ಹೊರಗಿಡಲು ಕಾರಣ ಉಳಿದಿಲ್ಲ.

ಆರೋಗ್ಯ ಇಲಾಖೆ ಚೀಟಿಯಲ್ಲಿ ಎತ್ತರದ ಕಲಮು ಸೇರಿಸಲಿ. ಬೆಂಗಳೂರಿನ ವೈದ್ಯಕೀಯ ಕಾಲೇಜುಗಳು ಈ ನಾಲ್ಕು ತಾಲ್ಲೂಕುಗಳಿಂದ ಬಂದ ಇಂಥ ರೋಗಿಗಳ ದಾಖಲೆ ಇಟ್ಟು, ಯಾರು ಉಳಿದರು, ಯಾರು ಉಳಿಯಲಿಲ್ಲ, ಯಾಕೆ ಎಂಬುದನ್ನು ಚೀಟಿ ಬರೆದ ವೈದ್ಯರಿಗೆ ಮರಳಿ ತಿಳಿಸಲಿ. ಮುಂದಿನ ರೋಗಿಯನ್ನು ಮೊದಲು ನೋಡುವವರು ಅವರೇ.