ಮೈಸೂರು ಹೆದ್ದಾರಿಯ ವೀಕೆಂಡ್ ಕಾರು ಮದ್ದೂರಲ್ಲಿ ಯಾಕೆ ನಿಲ್ತಿಲ್ಲ? ಹೋಟೆಲ್‌ನವರು, ಅಂಗಡಿಯವರು ಮಾಡಬಹುದಾದ್ದೇನು?

ಮದ್ದೂರು: ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಮೈಸೂರು ಕಡೆಗೆ ಕಾರುಗಳ ಸಾಲು. ಹೆಂಡತಿ, ಮಕ್ಕಳು, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೊರಟ ಕುಟುಂಬಗಳೇ ಹೆಚ್ಚು. ಕಾರುಗಳಿಗೇನೂ ಬರವಿಲ್ಲ. ಆದರೆ ಅವು ನಮ್ಮ ತಲೆ ಮೇಲಿನ ಸೇತುವೆಯಲ್ಲಿ ಹೋಗ್ತಿವೆ, ಕೆಳಗಿರುವ ಹೋಟೆಲ್‌ಗಳ ಟೇಬಲ್ ಖಾಲಿ ಉಳೀತಿವೆ.

ದಶಪಥ ಎಂದೇ ಹೆಸರಾದ ರಾಷ್ಟ್ರೀಯ ಹೆದ್ದಾರಿ 275 ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ರಂದು. ನಡುವೆ ಆರು ಪಥದ ಮುಖ್ಯ ರಸ್ತೆ, ಅಕ್ಕಪಕ್ಕ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಕಡೆ ಊರಿನ ಹೊರಗೆ ಬೈಪಾಸ್ ಬಂತು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ ಮೂರಕ್ಕೂ ಒಂದೇ ಪೆಟ್ಟು ಬಿತ್ತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಬೈಪಾಸ್ ಒಂದನ್ನೇ ದೂರುತ್ತಾ ಕೂತರೆ ಅರ್ಧ ಕಾರಣ ಮಾತ್ರ ಹೇಳಿದಂತಾಗುತ್ತೆ.

ಹಸಿವಾಗೋಕೆ ಮೊದಲೇ ಮೈಸೂರು

ಇನ್ನರ್ಧ ಕಾರಣ ಸಮಯ. ಮೊದಲು ಬೆಂಗಳೂರಿನಿಂದ ಮೈಸೂರಿಗೆ ಮೂರು ಗಂಟೆ ಹಿಡೀತಿತ್ತು. ಆರು ಗಂಟೆಗೆ ಮನೆ ಬಿಟ್ಟವರಿಗೆ ಮದ್ದೂರು ತಲುಪುವಾಗ ಸರಿಯಾಗಿ ತಿಂಡಿ ಹೊತ್ತು. ಮಕ್ಕಳು ಹಸಿವು ಅಂತಿದ್ದವು, ಡ್ರೈವರ್‌ಗೆ ಕಾಫಿ ಬೇಕಿತ್ತು, ಹಿರಿಯರಿಗೆ ಶೌಚಾಲಯ ಬೇಕಿತ್ತು. ಗಿರಾಕಿಯನ್ನು ನಾವೇನೂ ಕರೀತಿರಲಿಲ್ಲ, ರಸ್ತೆಯೇ ಕರೆತರ್ತಿತ್ತು.

ಈಗ ಟ್ರಾಫಿಕ್ ಇಲ್ಲದಿದ್ದರೆ ಒಂದೂವರೆ ಗಂಟೆಯ ಆಸುಪಾಸು ಸಾಕು. ಮನೇಲಿ ಕಾಫಿ ಕುಡಿದು ಹೊರಟವರು ಮೈಸೂರಲ್ಲೇ ಮಸಾಲೆ ದೋಸೆ ತಿಂತಾರೆ. ನಡುವೆ ನಿಂತರೂ ಮುಖ್ಯ ರಸ್ತೆಯಿಂದ ಇಳಿದು, ಸರ್ವಿಸ್ ರಸ್ತೆ ಹುಡುಕಿ, ಮತ್ತೆ ಮೇಲೆ ಹತ್ತೋ ದಾರಿ ನೋಡಬೇಕು. ನೂರರ ವೇಗದಲ್ಲಿ ಹೋಗ್ತಿರೋನಿಗೆ ಅಂಗಡಿ ಬೋರ್ಡ್ ಓದೋಕಾಗಲ್ಲ, ಓದಿದರೂ ಅಷ್ಟರಲ್ಲಿ ಎಕ್ಸಿಟ್ ದಾಟಿರುತ್ತೆ. ಹಾಗಾಗಿ ನಿಲ್ಲೋದು ಎಲ್ಲಿ ಎಂದು ಮನೆ ಬಿಡೋ ಮೊದಲೇ ಮೊಬೈಲ್ ನೋಡಿ ತೀರ್ಮಾನ ಮಾಡಿರ್ತಾರೆ. ಹಾದಿಹೋಕ ಗಿರಾಕಿ ಹೋದ. ಈಗ ಉಳಿದಿರೋದು ಹುಡುಕಿಕೊಂಡು ಬರೋ ಗಿರಾಕಿ.

ಇದು ನಮಗೆ ಹೊಸದೂ ಅಲ್ಲ. ಮದ್ದೂರು ವಡೆ ಹೆಸರು ಮಾಡಿದ್ದೇ ರೈಲು ನಿಲ್ದಾಣದಲ್ಲಿ. ರೈಲು ನಿಲ್ಲೋ ಕೆಲವೇ ನಿಮಿಷದಲ್ಲಿ ಮಾರಬೇಕು, ಕಿಟಕಿಯಿಂದಲೇ ಕೊಡಬೇಕು, ಕೈ ಜಿಡ್ಡಾಗದೆ ತಿನ್ನಬೇಕು, ಮನೆಗೂ ಒಯ್ಯಬೇಕು. ಅಕ್ಕಿ ಹಿಟ್ಟು, ರವೆ, ಮೈದಾ, ಈರುಳ್ಳಿ ಸೇರಿಸಿ ತಟ್ಟಿದ ಗರಿಗರಿ ವಡೆ ಅದಕ್ಕೆ ಸರಿಹೊಂದಿತು. ಆಗ ಪ್ರಯಾಣಿಕನ ಅವಸರಕ್ಕೆ ತಕ್ಕ ತಿಂಡಿ ಕೊಟ್ಟೆವು. ಈಗಿನ ಅವಸರಕ್ಕೆ ತಕ್ಕ ವ್ಯವಸ್ಥೆ ಕೊಟ್ಟಿದ್ದೇವಾ ಅನ್ನೋದೇ ಪ್ರಶ್ನೆ.

ಕುಟುಂಬ ಮೊದಲು ನೋಡೋದು ರುಚಿ ಅಲ್ಲ

ಒಬ್ಬನೇ ಬಂದರೆ ರುಚಿ ನೋಡ್ತಾನೆ. ಕುಟುಂಬ ಬಂದರೆ ಮೊದಲು ಶೌಚಾಲಯ, ಆಮೇಲೆ ಪಾರ್ಕಿಂಗ್, ಆಮೇಲೆ ಕೂರೋಕೆ ಜಾಗ, ಕೊನೆಗೆ ಮೆನು. ಹೆಣ್ಣುಮಕ್ಕಳು ಧೈರ್ಯವಾಗಿ ಹೋಗಬಹುದಾದ ಶೌಚಾಲಯ ಇಲ್ಲದ ಹೋಟೆಲ್‌ನಲ್ಲಿ ಎಂಥ ವಡೆ ಇದ್ದರೂ ಕಾರು ನಿಲ್ಲಲ್ಲ. ದೊಡ್ಡ ಫುಡ್ ಕೋರ್ಟ್‌ಗಳು ಗೆಲ್ತಿರೋದು ಇಲ್ಲೇ. ಅಲ್ಲಿನ ಕಾಫಿ ನಮ್ಮದಕ್ಕಿಂತ ದುಬಾರಿ ಇರಬಹುದು, ರುಚಿ ಕಮ್ಮಿ ಇರಬಹುದು. ಆದರೆ ಬಾಗಿಲಿಗೆ ಚಿಲಕ ಇರುತ್ತೆ, ನಲ್ಲಿಯಲ್ಲಿ ನೀರು ಬರುತ್ತೆ.

ಸಣ್ಣ ಹೋಟೆಲ್‌ಗೆ ಒಬ್ಬರೇ ಇದನ್ನೆಲ್ಲ ಮಾಡೋದು ಕಷ್ಟ, ಒಪ್ಪೋಣ. ಆದರೆ ನಾಲ್ಕು ಅಂಗಡಿಯವರು ಸೇರಿ ಒಂದು ಒಳ್ಳೆಯ ಶೌಚಾಲಯ, ಹತ್ತು ಕಾರು ನಿಲ್ಲೋ ಜಾಗ ಮಾಡಿಕೊಂಡರೆ ಖರ್ಚು ಹಂಚಿ ಹೋಗುತ್ತೆ. ಸ್ಥಳೀಯ ಆಡಳಿತ ಕೈ ಜೋಡಿಸಬೇಕಾದ ಜಾಗವೂ ಇದೇ. ಎಕ್ಸಿಟ್‌ಗೆ ಸಾಕಷ್ಟು ಮೊದಲೇ ಕಾಣುವಂತೆ ಊರಿನ ಹೆಸರು, ಊಟ, ಶೌಚಾಲಯ ಇದೆ ಎಂದು ಹೇಳುವ ಫಲಕ ಬೇಕು. ಅದನ್ನು ಹೆದ್ದಾರಿ ಪ್ರಾಧಿಕಾರದಿಂದ ಕೇಳಿ ಪಡೆಯಬೇಕಾದವರು ನಮ್ಮ ಜನಪ್ರತಿನಿಧಿಗಳು.

ಬಿಲ್‌ನಲ್ಲಿ ಜಗಳ ಬೇಡ

ಇನ್ನೊಂದು ವಿಷಯ ಬಿಲ್. ನಾಲ್ಕು ಜನರ ತಿಂಡಿಗೆ 600 ರೂಪಾಯಿ ಆಯ್ತು ಅಂದುಕೊಳ್ಳಿ. ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ ಎ.ಸಿ. ಇರಲಿ ಬಿಡಲಿ ಜಿಎಸ್‌ಟಿ ಶೇ 5, ಅಂದರೆ 30 ರೂಪಾಯಿ. ಒಟ್ಟು 630. ಆದರೆ ಕಾಂಪೊಸಿಷನ್ ಯೋಜನೆಯಲ್ಲಿರುವ ಹೋಟೆಲ್‌ನವರು ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ವಸೂಲಿ ಮಾಡೋ ಹಾಗಿಲ್ಲ, ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕು. ನೋಂದಣಿಯೇ ಇಲ್ಲದವರಂತೂ ತೆರಿಗೆ ಹೆಸರಲ್ಲಿ ಒಂದು ರೂಪಾಯಿಯೂ ಕೇಳುವಂತಿಲ್ಲ.

ಸರ್ವಿಸ್ ಚಾರ್ಜ್ ಬೇರೆ, ಜಿಎಸ್‌ಟಿ ಬೇರೆ. ಅದು ಸರ್ಕಾರದ ತೆರಿಗೆಯಲ್ಲ. ಬಿಲ್‌ಗೆ ತಾನಾಗಿಯೇ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಖುಷಿಯಿಂದ ಟಿಪ್ಸ್ ಕೊಟ್ಟರೆ ಸರಿ, ಬಲವಂತ ಇಲ್ಲ. ತೊಂದರೆ ಆದರೆ ಗ್ರಾಹಕ ಸಹಾಯವಾಣಿ 1915 ಇದೆ. ನಮ್ಮ ಸಣ್ಣ ಹೋಟೆಲ್‌ಗಳಲ್ಲಿ ಸರ್ವಿಸ್ ಚಾರ್ಜ್ ಇಲ್ಲವೇ ಇಲ್ಲ. ಅದನ್ನೇ ದೊಡ್ಡದಾಗಿ ಬರೆದು ಹಾಕಿದರೆ ಗಿರಾಕಿಗೆ ಗೊತ್ತಾಗುತ್ತೆ, ಅಲ್ವಾ?

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಕೆಲವರು ಕ್ಯೂಆರ್ ಕೋಡ್ ಕಿತ್ತು ಕ್ಯಾಶ್ ಮಾತ್ರ ಅಂದರು. ಭಯ ಅರ್ಥವಾಗುತ್ತೆ. ಆದರೆ ವೀಕೆಂಡ್ ಕುಟುಂಬದ ಜೇಬಲ್ಲಿ ಈಗ ನಗದು ಇರೋದು ಅಪರೂಪ. ಕ್ಯೂಆರ್ ತೆಗೆದರೆ ಆ ಗಿರಾಕಿ ಹೋದ ಹಾಗೇ. ಸೇವೆಗೆ ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ, ಹೋಟೆಲ್‌ಗೆ 1.5 ಕೋಟಿವರೆಗೆ ಕಾಂಪೊಸಿಷನ್ ಅವಕಾಶ. ಒಮ್ಮೆ ಲೆಕ್ಕಪರಿಶೋಧಕರ ಹತ್ತಿರ ಕೂತು ನೋಡೋದು ಕೋಡ್ ಕೀಳೋದಕ್ಕಿಂತ ಒಳ್ಳೆಯದು.

ಶುಚಿತ್ವದ ಬಗ್ಗೆಯೂ ಜನ ಎಚ್ಚೆತ್ತಿದ್ದಾರೆ. 2024ರಲ್ಲಿ ಗೋಬಿ ಮಂಚೂರಿ, ಕಬಾಬ್‌ಗೆ ಕೃತಕ ಬಣ್ಣ ನಿಷೇಧವಾಯಿತು. 2025ರಲ್ಲಿ ಇಡ್ಲಿ ಬೇಯಿಸೋಕೆ ಪ್ಲಾಸ್ಟಿಕ್ ಹಾಳೆ ಬಳಸುವುದರ ಮೇಲೆ ಕ್ರಮ ಬಂತು. ಬಟ್ಟೆಯಲ್ಲೇ ಬೇಯಿಸ್ತೀವಿ, ಬಣ್ಣ ಹಾಕಲ್ಲ ಎಂದು ತೋರಿಸಿಕೊಡುವ ಹೋಟೆಲ್‌ಗೆ ಮಕ್ಕಳಿರುವ ಮನೆಯವರು ಇನ್ನೊಂದ್ಸಲ ಬರ್ತಾರೆ.

ಗಿರಾಕಿ ಎಲ್ಲಿ ಉಳಿದಿದ್ದಾನೆ?

ಎಲ್ಲರೂ ಮೇಲಿನ ರಸ್ತೆಯಲ್ಲೇ ಹೋಗಲ್ಲ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕ್, ಆಟೋಗೆ ಪ್ರವೇಶವಿಲ್ಲ. ಅವರೆಲ್ಲ ಸರ್ವಿಸ್ ರಸ್ತೆಯಲ್ಲೇ ಬರಬೇಕು. ಊರೊಳಗೆ ಬರುವ ಸಾಮಾನ್ಯ ಬಸ್‌ಗಳಲ್ಲಿ ಶಕ್ತಿ ಯೋಜನೆಯ ಮಹಿಳೆಯರು ಮಕ್ಕಳೊಂದಿಗೆ ಬರ್ತಿದ್ದಾರೆ. ಕಾರು ಗಿರಾಕಿಗಾಗಿ ಕೊರಗುತ್ತಾ ಇವರನ್ನು ಕಡೆಗಣಿಸಬಾರದು.

ಇನ್ನು ಹುಡುಕಿಕೊಂಡು ಬರೋರಿಗೆ ಕಾರಣ ಬೇಕು. ನಮ್ಮ ತಾಲ್ಲೂಕಲ್ಲೇ ಕೊಕ್ಕರೆಬೆಳ್ಳೂರು ಇದೆ. ಹಕ್ಕಿಗಳು ಗೂಡು ಕಟ್ಟೋ ತಿಂಗಳುಗಳಲ್ಲಿ ಮಕ್ಕಳಿಗೆ ತೋರಿಸೋಕೆ ಅದಕ್ಕಿಂತ ಒಳ್ಳೆ ಜಾಗ ಬೇಕೆ? 1938ರ ಧ್ವಜ ಸತ್ಯಾಗ್ರಹದ ಶಿವಪುರ ಊರ ಮಗ್ಗುಲಲ್ಲೇ ಇದೆ. ಆಚೆ ಮಳವಳ್ಳಿ ಕಡೆ ಗಗನಚುಕ್ಕಿ. ಇವನ್ನು ನೋಡೋಕೆ ಬಂದ ಕುಟುಂಬ ಮಧ್ಯಾಹ್ನ ಊಟಕ್ಕೆ ಇಲ್ಲೇ ಕೂರಲೇಬೇಕು. ಮುದ್ದೆ, ಸೊಪ್ಪಿನ ಸಾರು, ಹೋಗುವಾಗ ಎಳನೀರು, ಒಂದು ಅಚ್ಚು ಬೆಲ್ಲ, ಒಂದು ಪೊಟ್ಟಣ ವಡೆ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಎಳನೀರು ಮಾರುಕಟ್ಟೆ ಇರುವ ಊರಲ್ಲಿ ಎಳನೀರಿಗೊಂದು ಒಳ್ಳೆ ಕೌಂಟರ್ ಇಲ್ಲ ಅಂದರೆ ಹೇಗೆ?

ಭಾನುವಾರ ಸಂಜೆಯನ್ನೂ ಮರೀಬಾರದು. ಹೋಗುವಾಗ ಅವಸರ, ಬರುವಾಗ ಆಯಾಸ. ಬೆಂಗಳೂರಿಗೆ ಹೋಗಿ ಅಡುಗೆ ಮಾಡೋ ಮನಸ್ಸು ಯಾರಿಗೂ ಇರಲ್ಲ. ಬೆಳಗಿನ ತಿಂಡಿ ವ್ಯಾಪಾರ ಮೈಸೂರಿಗೆ ಹೋಗಿದ್ದರೆ ಸಂಜೆ ಊಟದ ವ್ಯಾಪಾರ ಇನ್ನೂ ದಾರಿಯಲ್ಲೇ ಇದೆ. ಆದರೆ ಎಂಟು ಗಂಟೆಗೇ ಅಡುಗೆಮನೆ ಮುಚ್ಚುವ ಹೋಟೆಲ್‌ಗೆ ಅದು ಸಿಗಲ್ಲ.

ಹೋಟೆಲ್ ಒಂದು ಮುಚ್ಚಿದರೆ ಮಾಲೀಕನೊಬ್ಬನೇ ಬೀದಿಗೆ ಬೀಳಲ್ಲ. ಹಾಲಿನವರು, ತರಕಾರಿಯವರು, ಎಲೆ ತರೋರು, ಪಾತ್ರೆ ತೊಳೆಯೋ ಹೆಂಗಸರು ಎಲ್ಲರ ವಾರದ ಸಂಪಾದನೆ ಅದರಲ್ಲಿದೆ. ಆರು ಪಥದ ರಸ್ತೆ ಮತ್ತೆ ಊರೊಳಗೆ ಬರಲ್ಲ. ಫಲಕ, ಶೌಚಾಲಯ, ಪಾರ್ಕಿಂಗ್, ಸರಿಯಾದ ಬಿಲ್ ಈ ನಾಲ್ಕೂ ನಮ್ಮ ಕೈಯಲ್ಲೇ ಇವೆ ಅಥವಾ ನಾವು ಕೇಳಿ ಪಡೆಯುವಂಥವು. ವರ್ತಕರ ಸಂಘದ ಮುಂದಿನ ಸಭೆಯಲ್ಲಿ ಬೈಪಾಸ್ ಬೈಯೋದನ್ನು ಪಕ್ಕಕ್ಕಿಟ್ಟು ಮೊದಲು ಈ ನಾಲ್ಕರ ಬಗ್ಗೆ ಮಾತಾಡಲಿ.