ಫೋನಿನಲ್ಲಿ ಕೈಗುಣ ಬರುವುದೇ?

ಒಳ್ಳೆಯ ವೈದ್ಯರನ್ನು ಹೊಗಳುವಾಗ ನಮ್ಮ ಹಳ್ಳಿಯ ಹಿರಿಯರು ಅವರ ಪದವಿಯನ್ನು ಹೇಳುವುದಿಲ್ಲ; 'ಅವರ ಕೈಗುಣ ಚೆನ್ನಾಗಿದೆ' ಎನ್ನುತ್ತಾರೆ. ಮೈ ಮುಟ್ಟಿ ನೋಡುವ ಕೈಯಲ್ಲಿಯೇ ಅವರ ನಂಬಿಕೆಯೆಲ್ಲ ನೆಲೆಸಿದೆ. ಆದರೆ ಇಂದು ಮೈ ಮುಟ್ಟದೆಯೇ ಚಿಕಿತ್ಸೆ ಹೇಳುವ ವೈದ್ಯರು ಅಂಗೈಯಗಲದ ಫೋನಿನಲ್ಲಿ ದೊರೆಯುತ್ತಾರೆ. ಅವರನ್ನು ಎಷ್ಟರಮಟ್ಟಿಗೆ ನಂಬಬಹುದು? ಕಳೆದ ವರ್ಷ ನಮ್ಮ ವಸತಿನಿಲಯದಲ್ಲಿ ಈ ಚರ್ಚೆ ಬಂದಾಗ ನಾನು ಫೋನಿನ ಪಕ್ಷ ವಹಿಸಿ ಬಲವಾಗಿ ವಾದಿಸಿದ್ದೆನು. ಈಗ ಆ ವಾದದಲ್ಲಿ ಅರ್ಧವನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಉಳಿದರ್ಧವನ್ನು ಏಕೆ ಬಿಟ್ಟೆನೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಫೋನಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಕೂಲಿಯವನು ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಂದಿನ ಕೂಲಿ ಹೋಯಿತು. ಜೊತೆಗೆ ಬಂದವರ ಕೂಲಿಯೂ ಹೋಯಿತು. ಬಸ್ಸಿನ ಖರ್ಚು ಬೇರೆ. ಇಷ್ಟನ್ನು ಕಳೆದುಕೊಂಡು ಸಾಲಿನಲ್ಲಿ ನಿಂತರೆ, ಜನಜಂಗುಳಿಯ ನಡುವೆ ತಲೆಯೆತ್ತಿ ನೋಡಲೂ ಬಿಡುವಿಲ್ಲದೆ ವೈದ್ಯರು ಚೀಟಿ ಬರೆದುಕೊಡುವುದುಂಟು. ಎದುರಿಗೆ ಕುಳಿತ ಮಾತ್ರಕ್ಕೆ ಪರೀಕ್ಷೆಯಾದಂತಾಯಿತೇ? ಕೋವಿಡ್ ಕಾಲದಲ್ಲಿ, 2020ರ ಏಪ್ರಿಲಿನಲ್ಲಿ, ಕೇಂದ್ರ ಸರ್ಕಾರವು ಇ-ಸಂಜೀವಿನಿಯ ಮೂಲಕ ಮನೆಯಿಂದಲೇ ವೈದ್ಯರೊಡನೆ ಉಚಿತವಾಗಿ ಮಾತನಾಡುವ ಏರ್ಪಾಡನ್ನು ಮಾಡಿತು. 2022ರ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯಕ್ಕಾಗಿ ಟೆಲಿ-ಮಾನಸ್ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಮನಸ್ಸಿನ ನೋವಿಗೆ ಮಾತೇ ಮೊದಲ ಪರೀಕ್ಷೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ನಾಚುವ ವಿದ್ಯಾರ್ಥಿಯು 14416ಕ್ಕೆ ಕರೆ ಮಾಡಿದರೆ ಅದು ಬಹು ದೊಡ್ಡ ಉಪಕಾರವೇ ಸರಿ.

ಇನ್ನು ನನ್ನ ಅನುಭವ. ನಮ್ಮ ತಂದೆಯವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಕಳೆದ ಬೇಸಗೆಯಲ್ಲಿ ಕಾಲು ಸರಿಯಿಲ್ಲವೆಂದಾಗ, ಮನೆಯಲ್ಲಿ ಕಾಲೇಜಿನ ಮುಖ ಕಂಡವನು ನಾನೊಬ್ಬನೇ ಆದುದರಿಂದ, ಫೋನಿನಲ್ಲಿ ವೈದ್ಯರೊಬ್ಬರನ್ನು ಹಿಡಿದೆನು. ಅವರು ಬೇಕಾದುದನ್ನೇ ಕೇಳಿದರು. ಬೇರೆ ಕಾಯಿಲೆ ಉಂಟೇ? ಸಕ್ಕರೆ ಕಾಯಿಲೆ ಇದೆ ಎಂದೆನು. ಗಾಯವೇನಾದರೂ ಇದೆಯೇ? 'ಇಲ್ಲ' ಎಂದರು ತಂದೆಯವರು. ಕಾಲಿಗೆ ಏನಾಗುತ್ತದೆ? ತಂದೆಯವರು ನನ್ನತ್ತ ತಿರುಗಿ, 'ಹತ್ತಿ ಮ್ಯಾಲ ನಡೆದಂಗಾಯ್ತದ ಕನ ಮಗ' ಎಂದರು. ಅಷ್ಟು ಓದಿದವರ ಮುಂದೆ ಈ ಮಾತನ್ನು ಹೇಗೆ ಹೇಳುವುದೆಂದು ನನಗೆ ಸಂಕೋಚವಾಯಿತು. 'ಕಾಲು ನೋವು ಸರ್' ಎಂದು ತಿದ್ದಿ ಹೇಳಿದೆನು. ನೋವಿನ ಮಾತ್ರೆ ಬಂದಿತು. ಕಾಲನ್ನು ತೋರಿಸಿರೆಂದು ಅವರು ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಇಪ್ಪತ್ತು ದಿನಗಳ ಮೇಲೆ ಜ್ವರ ಬಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯರು, 'ಯಜಮಾನರೇ, ಚಪ್ಪಲಿ ಬಿಟ್ಟು ಕಾಲು ಮೇಲಿಡಿ' ಎಂದರು. ಹೆಬ್ಬೆರಳಿನ ಅಡಿಯಲ್ಲಿ ಗಾಯ ಕೊಳೆತಿತ್ತು. ಅವರು ತಂದೆಯವರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಂಗಾಲನ್ನು ಸವರಿ, 'ಗೊತ್ತಾಯಿತೇ?' ಎಂದು ಕೇಳಿದರು. 'ಎಲ್ಲಿ ಮುಟ್ಟುದ್ರಿ ಸ್ವಾಮಿ?' ಎಂದರು ತಂದೆಯವರು. ಸಕ್ಕರೆ ಕಾಯಿಲೆಯು ನರಗಳನ್ನು ಕೆಡಿಸಿ ಪಾದದ ಸ್ಪರ್ಶಜ್ಞಾನವನ್ನೇ ಕಳೆಯುತ್ತದೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಕಾಲು ಉಳಿಯಿತು, ಹೆಬ್ಬೆರಳು ಉಳಿಯಲಿಲ್ಲ.

ಇಲ್ಲಿ ಸುಳ್ಳು ಹೇಳಿದವರಾರು? ಗಾಯವಿಲ್ಲವೆಂದ ತಂದೆಯವರು ತಮಗೆ ತಿಳಿದ ಸತ್ಯವನ್ನೇ ನುಡಿದರು. ಫೋನು ರೋಗಿ ಹೇಳಿದುದನ್ನು ಮಾತ್ರ ಒಯ್ಯುತ್ತದೆ; ರೋಗಿಗೇ ತಿಳಿಯದುದನ್ನು ಕಂಡುಹಿಡಿಯಲು ಕಣ್ಣು, ಕೈಗಳೇ ಬೇಕು. ರೋಗಿಗೂ ವೈದ್ಯರಿಗೂ ನಡುವೆ ನನ್ನಂತಹ ಅರೆಪಂಡಿತನು ನಿಂತರಂತೂ ಹೇಳಿದ ಮಾತೂ ನೆಟ್ಟಗೆ ಮುಟ್ಟುವುದಿಲ್ಲ.

ಹಾಗಾದರೆ ದೂರದ ವೈದ್ಯವನ್ನು ತ್ಯಜಿಸಬೇಕೇ? ಬೇಡ. 2020ರ ಮಾರ್ಚ್ 25ರಂದು ಹೊರಬಂದ ಸರ್ಕಾರದ ಮಾರ್ಗಸೂಚಿಯು ವೈದ್ಯರ ನೋಂದಣಿ ಸಂಖ್ಯೆ ಚೀಟಿಯಲ್ಲಿರಬೇಕೆಂದೂ, ಯಂತ್ರವು ತಾನಾಗಿಯೇ ರೋಗಿಗೆ ಔಷಧಿ ಬರೆಯಕೂಡದೆಂದೂ ವಿಧಿಸಿದೆ. ರೋಗಿಯು ಎದುರಿಗೇ ಬರಬೇಕೋ ಬೇಡವೋ ಎಂಬ ನಿರ್ಣಯವನ್ನು ವೈದ್ಯರ ವಿವೇಕಕ್ಕೆ ಬಿಟ್ಟಿದೆ. ನನ್ನ ಮಟ್ಟಿಗೆ ನಂಬಿಕೆಯ ಒರೆಗಲ್ಲು ಇದೇ. 'ಇದನ್ನು ಇಲ್ಲಿಂದ ಹೇಳಲಾಗದು, ನೇರವಾಗಿ ತೋರಿಸಿ' ಎನ್ನುವವರೇ ಫೋನಿನಲ್ಲಿ ನಂಬಲು ಯೋಗ್ಯರಾದ ವೈದ್ಯರು.

ಆದರೆ ತೋರಿಸಲು ಹತ್ತಿರದಲ್ಲಿ ಯಾರಾದರೂ ಇರಬೇಕಷ್ಟೆ. 2002ರಲ್ಲಿಯೇ ಇಸ್ರೋ ನೆರವಿನಿಂದ ನಮ್ಮ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದ ಮೂಲಕ ಜೋಡಿಸಿದ್ದರು. ಅಲ್ಲಿ ಪರಿಣತರು ದೂರದಲ್ಲಿದ್ದರೂ ರೋಗಿಯಿದ್ದುದು ಆಸ್ಪತ್ರೆಯಲ್ಲಿ. ಇ-ಸಂಜೀವಿನಿಯಲ್ಲಿಯೂ ಆರೋಗ್ಯ ಕೇಂದ್ರದ ಸಿಬ್ಬಂದಿ ರೋಗಿಯ ಬಳಿಯಿದ್ದು ದೂರದ ವೈದ್ಯರನ್ನು ಕೇಳುವ ಇನ್ನೊಂದು ಕ್ರಮವಿದೆ. ಇದೇ ಸರಿಯಾದ ದಾರಿ. ಮಾತು ದೂರದಿಂದ ಬರಲಿ. ಮುಟ್ಟುವ ಕೈ ಮಾತ್ರ ಊರಿನಲ್ಲಿರಲಿ. ಫೋನಿದೆಯಲ್ಲ ಎಂದು ಹಳ್ಳಿಯ ಆಸ್ಪತ್ರೆಯಲ್ಲಿ ವೈದ್ಯರ ಸ್ಥಾನವನ್ನು ಖಾಲಿ ಬಿಟ್ಟರೆ, ಉಳ್ಳವರಿಗೆ ವೈದ್ಯರು, ಇಲ್ಲದವರಿಗೆ ಫೋನು ಎಂಬಂತಾದೀತು.

ಮಿತ್ರರೇ, ನಮ್ಮಲ್ಲಿ ಅನೇಕರು ಮನೆಗೆ ಮೊದಲ ಅಕ್ಷರವಂತರು. ನಾಳೆ ತಂದೆತಾಯಿಗಳ ಪರವಾಗಿ ವೈದ್ಯರೊಡನೆ ಮಾತನಾಡುವವರು ನಾವೇ. ಅವರು ಆಡಿದ ಮಾತನ್ನು ತಿದ್ದದೆ, ಅವರ ನುಡಿಯಲ್ಲಿಯೇ ಒಪ್ಪಿಸಿರಿ. ಫೋನು ಇಡುವ ಮೊದಲು, 'ನೇರವಾಗಿ ತೋರಿಸಬೇಕೇ?' ಎಂದು ಕೇಳಿರಿ. ನಾನು ಕೇಳಲಿಲ್ಲ.