ಮಾಯಾಖಡ್ಗದ ಒಡೆತನ

ದಾಳ ಉರುಳಿಸಿ, ಮಾತಿನಿಂದಲೇ ಕಾಡು ಕೋಟೆಗಳನ್ನು ಕಟ್ಟಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಅಮೆರಿಕೆಯಲ್ಲಿ 1974ರಲ್ಲಿ ಪ್ರಕಟವಾಯಿತು. ಅದರ ಭಂಡಾರದಲ್ಲಿ, ಹೊರಗೆ ಕಿರಿದಾಗಿ ಒಳಗೆ ಕಣಜದಷ್ಟು ವಿಶಾಲವಾದ ಚೀಲವುಂಟು. ವೈರಿಯ ರುಂಡವನ್ನೇ ಹಾರಿಸುವ ‘ವೋರ್ಪಲ್’ ಖಡ್ಗವುಂಟು. ಈ ಮಾಯಾವಸ್ತುಗಳಿಗೆ ಒಡೆಯರಾರು?

ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು 2000ದಲ್ಲಿ, ಮೂಲನಿಯಮಗಳನ್ನು ಅನ್ಯರೂ ಬಳಸಬಹುದೆಂದು ಮುಕ್ತ ಪರವಾನಗಿ ಇತ್ತರು. ಅದನ್ನು ನಂಬಿ ಅನೇಕ ಸಣ್ಣ ಲೇಖಕರು ಹೊಸ ಉಂಗುರ, ಮಂತ್ರದಂಡಗಳನ್ನೂ, ದಾರಿಯಲ್ಲಿ ಎದುರಾಗುವ ವಿಚಿತ್ರ ಪ್ರಸಂಗಗಳನ್ನೂ ಕಲ್ಪಿಸಿ ಮಾರಿ ಜೀವನ ಸಾಗಿಸಿದರು. 2023ರ ಜನವರಿಯಲ್ಲಿ, ಆ ಪರವಾನಗಿಯನ್ನು ಕಿತ್ತುಹಾಕಿ, ಹೆಚ್ಚು ಗಳಿಸುವವರಿಂದ ಪಾಲು ಕೇಳುವ ಕರಡೊಂದು ಬಯಲಾಯಿತು. ಆಟಗಾರರು ಸಿಡಿದೆದ್ದರು. ತಿಂಗಳು ತುಂಬುವ ಮೊದಲೇ ಸಂಸ್ಥೆ ಮಣಿದು, ಹಿಂತೆಗೆದುಕೊಳ್ಳಲಾಗದ ಸಾರ್ವಜನಿಕ ಪರವಾನಗಿಯಡಿ ನಿಯಮಗಳನ್ನು ಬಿಟ್ಟುಕೊಟ್ಟಿತು. ಆ ಚೀಲ, ಆ ಖಡ್ಗ ಎರಡೂ ಅದರಲ್ಲಿ ಸೇರಿದುವು.

ಆದರೆ ಅವು ಸಂಸ್ಥೆಯ ಸ್ವಾರ್ಜಿತವೇ? ‘ವೋರ್ಪಲ್’ ಎಂಬ ಪದವನ್ನು ಟಂಕಿಸಿದವನು ಲೂಯಿಸ್ ಕೆರೊಲ್, 1871ರ ಕಥೆಯೊಳಗಿನ ಕವಿತೆಯೊಂದರಲ್ಲಿ. ಹಿಂದೆ ಟೋಲ್ಕೀನನ ಹಕ್ಕುದಾರರು ಆಕ್ಷೇಪಿಸಿದಾಗ ಇದೇ ಆಟ ‘ಹಾಬಿಟ್’ ಎಂಬ ಹೆಸರನ್ನು ‘ಹಾಫ್‌ಲಿಂಗ್’ ಎಂದು ತಿದ್ದಿಕೊಂಡಿತ್ತು. ಎರವು ತಂದ ಮನೆಯೇ ಬೀಗ ಹಾಕಹೊರಟುದು ನನಗಂತೂ ವಿನೋದವೆನಿಸಲಿಲ್ಲ. ಪೆಯ್ಜೊ ಮೊದಲಾದ ಪ್ರಕಾಶಕರು 2023ರಲ್ಲೇ, ಯಾವ ಒಂದು ಸಂಸ್ಥೆಯ ಅಂಕೆಗೂ ಸಿಗದ ಬೇರೊಂದು ಪರವಾನಗಿಯನ್ನು ರಚಿಸಿಕೊಂಡರು.